ದೊಡ್ಡವ್ವನ ನಂಬರಿನಿಂದ ಬಂದ ವಿಡಿಯೊ

ದೂರದ ಊರೊಂದರಲ್ಲಿ ವಿಮಾನ ಬಿದ್ದ ಸುದ್ದಿ ಬಂದ ದಿನ ನಾನು ಅಂಗಡಿಯಲ್ಲಿ ಕುಳಿತು ಸೀರೆಗೆ ಫಾಲ್ ಹಚ್ಚುತ್ತಿದ್ದೆ. ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ಓಣಿಯಲ್ಲಿ ನನ್ನದೊಂದು ಸಣ್ಣ ಫಾಲ್-ಪಿಕೋ ಅಂಗಡಿ. ಸೀರೆ ಕೊಡಲು ಬಂದವರು, ಒಯ್ಯಲು ಬಂದವರು ಎಲ್ಲರೂ ಅಂದು ಮೆಟ್ಟಿಲ ಮೇಲೆ ನಿಂತು ಫೋನು ನೋಡುತ್ತಿದ್ದರು. ಹೊಗೆ, ಓಡುವ ಜನ, ಕರಿಗಟ್ಟಿದ ಗೋಡೆ. ಒಬ್ಬಾಕೆ ಒಯ್ಯಲು ಬಂದಿದ್ದ ಸೀರೆಯನ್ನು ಮರೆತು ಹಾಗೇ ಹೋಗಿಬಿಟ್ಟಳು. ನನಗೂ ಸೂಜಿಯ ಮೇಲೆ ಗಮನ ನಿಲ್ಲಲಿಲ್ಲ.

ಮಧ್ಯಾಹ್ನ ದೊಡ್ಡವ್ವನ ನಂಬರಿನಿಂದ ಒಂದು ಮೆಸೇಜು ಬಂತು. ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ತಿಕೋಟಾದಲ್ಲಿ ಬಹಳ ವರ್ಷ ಅಂಗನವಾಡಿ ನಡೆಸಿ ನಿವೃತ್ತಳಾದವಳು. ಅವಳ ಕೈಯಲ್ಲಿ ಆಡಿ ಬೆಳೆದ ಮಕ್ಕಳಿಗೆ ಈಗ ಮಕ್ಕಳಾಗಿವೆ. ಆದರೂ ಆ ಮನೆಗಳಲ್ಲಿ ಅವಳು ಇಂದಿಗೂ ಅಕ್ಕೋರು, ಅಂದರೆ ಟೀಚರು. ಪೋಲಿಯೋ ಹನಿ ಹಾಕುವುದು ಯಾವಾಗ, ಕೂಸಿಗೆ ಭೇದಿಯಾದರೆ ಏನು ಕುಡಿಸಬೇಕು, ಎಲ್ಲಕ್ಕೂ ಅವಳಿಗೇ ಫೋನು ಹಚ್ಚುತ್ತಾರೆ.

ಮೆಸೇಜಿನಲ್ಲಿ ಒಂದು ಚಿತ್ರವಿತ್ತು. ಮುಖಕ್ಕೆಲ್ಲ ಮಸಿ ಹತ್ತಿದ ಸಣ್ಣ ಹುಡುಗಿ. ಕೆಳಗೆ ಹೀಗೆ ಬರೆದಿತ್ತು: 'ಆತ್ಮೀಯರೇ, ವಿಮಾನದೊಳಗಿನ ಕೊನೆಯ ಕ್ಷಣಗಳು. ಈ ಮಗು ಬದುಕಿದೆಯೇ ನೋಡಿ. ವಿಡಿಯೊಗಾಗಿ ಇಲ್ಲಿ ಒತ್ತಿ.' ನನ್ನ ಬೆರಳು ಅದರ ಮೇಲೆ ಹೋಗಿಯೇ ಬಿಟ್ಟಿತ್ತು. ಆದರೆ ಆ 'ಆತ್ಮೀಯರೇ' ನನ್ನನ್ನು ತಡೆಯಿತು. ದೊಡ್ಡವ್ವ ಎಂದೂ ಬರೆದು ಕಳಿಸಿದವಳಲ್ಲ. ಫೋನನ್ನು ಬಾಯಿಯ ಹತ್ತಿರ ಹಿಡಿದು, 'ಯವ್ವಾ, ಉಂಡೇನ?' ಎಂದು ಮಾತಾಡಿ ಕಳಿಸುವುದು ಅವಳ ರೀತಿ.

ಅವಳಿಗೆ ಫೋನು ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದರೆ ಸ್ವಿಚ್ ಆಫ್. ಅಷ್ಟರಲ್ಲಿ ನಮ್ಮ ಮನೆಯಿರುವ ಜೋರಾಪುರ ಪೇಟೆಯಿಂದ ಪಕ್ಕದ ಮನೆಯಾಕೆ ಫೋನು ಮಾಡಿ, ನಿಮ್ಮ ದೊಡ್ಡವ್ವ ಏನೋ ಕಳಿಸ್ಯಾಳಲ್ಲ, ತೆರೆಯುವುದೇ ಇಲ್ಲ ಎಂದಳು. ಮತ್ತೆ ಒತ್ತಬೇಡ ಎಂದು ಅವಳಿಗೆ ಹೇಳಿ, ಅಂಗಡಿಯ ಬಾಗಿಲು ಎಳೆದು ತಿಕೋಟಾದ ಬಸ್ಸು ಹತ್ತಿದೆ.

ದೊಡ್ಡವ್ವ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತಿದ್ದಳು. ಫೋನು ಎಲ್ಲಿ ಎಂದರೆ ಮೂಲೆ ತೋರಿಸಿದಳು. ಅಲ್ಲಿ ನೆಲದ ಮೇಲಿಟ್ಟು ರೊಟ್ಟಿ ಬುಟ್ಟಿ ಬೋರಲು ಹಾಕಿ ಮುಚ್ಚಿದ್ದಳು.

"ಏನ ಕಳಿಸೀದಿ ದೊಡ್ಡವ್ವ ನೀ?"

"ನಾ ಏನೂ ಕಳಿಸಿಲ್ಲ ಬೇ. ತಾನ ಕಳಸಾಕತ್ತಿತ್ತು. ಎಲ್ಲಾರ ಹೆಸರಿಗೂ ಒಂದಾದ ಮ್ಯಾಲ ಒಂದು ಹೋಗಾಕತ್ತಿತ್ತು. ಹೆಂಗ ನಿಲ್ಲಸಬೇಕು ತಿಳೀಲಿಲ್ಲ. ಬಂದ್ ಮಾಡಿ ಮುಚ್ಚಿಟ್ಟೆ."

"ನೀ ಯಾಕ ಒತ್ತೀದಿ ಅದನ್ನ?"

"ಆ ಕೂಸಿನ ಮಾರಿ ನೋಡೀದಿ ಇಲ್ಲೋ ನೀ? ಬದುಕೈತೋ ಇಲ್ಲೋ ನೋಡೂಣು ಅಂತ ಒತ್ತಿದೆ. ಇದಕ್ಕ ಒಪ್ಪಿಗಿ ಕೊಡು, ಅದಕ್ಕ ಒಪ್ಪಿಗಿ ಕೊಡು ಅಂತ ಕೇಳ್ತು. ಕೊಟ್ಟೆ. ಕೂಸು ಕಾಣಲೇ ಇಲ್ಲ."

ಬಹುಮಾನ ಬಂದಿದೆ, ಕಾರು ಬಂದಿದೆ ಎಂಬ ಮೆಸೇಜುಗಳು ಅವಳಿಗೂ ಬರುತ್ತಿದ್ದವು. 'ನನಗ ಯಾಕ ಕೊಡತಾನ ಅಂವ ಕಾರು?' ಎಂದು ನಕ್ಕು ಅಳಿಸಿಹಾಕುತ್ತಿದ್ದಳು. ಮೋಸ ಒಳಗೆ ಬರುವುದು ಆಸೆಯ ಬಾಗಿಲಿನಿಂದ ಎಂದೇ ನಾನೂ ತಿಳಿದಿದ್ದೆ. ದೊಡ್ಡವ್ವನಲ್ಲಿ ಆ ಬಾಗಿಲು ಇರಲಿಲ್ಲ. ಬೇರೆಯವರ ಕೂಸಿಗೆ ಏನಾಯಿತೋ ಎಂಬ ಸಂಕಟ ಮಾತ್ರ ಇತ್ತು. ಎಲ್ಲೋ ಕುಳಿತವನೊಬ್ಬ, ಸತ್ತವರ ಹೆಣ ಇನ್ನೂ ಮನೆಗೆ ಮುಟ್ಟುವ ಮೊದಲೇ, ಆ ಸಂಕಟವನ್ನು ಲೆಕ್ಕಕ್ಕೆ ಹಿಡಿದು ಚಿತ್ರ ಆರಿಸಿದ್ದ. ಇದನ್ನು ಯೋಚಿಸಿದಾಗ ನನಗೆ ಸಿಟ್ಟಿಗಿಂತ ಒಂದು ಥರದ ಅಸಹ್ಯ ಬಂತು.

ಫೋನಿನಿಂದ ಸಿಮ್ ತೆಗೆದೆವು. ನನ್ನ ಫೋನಿನಿಂದ ಬ್ಯಾಂಕಿಗೆ ತಿಳಿಸಿ ಅವಳ ಖಾತೆಯನ್ನು ತಡೆಹಿಡಿಸಿದೆವು. ಪೆನ್ಶನ್ನಿನ ಹಣ ಹಾಗೇ ಉಳಿಯಿತು. ಬಬಲೇಶ್ವರದಲ್ಲಿರುವ ಅವಳ ಮಗಳಿಗೆ ಫೋನು ಹಚ್ಚಿದರೆ, ಅವಳೂ ಆಗಲೇ ಒತ್ತಿಬಿಟ್ಟಿದ್ದಳು. "ಅವ್ವ ಕಳಿಸ್ಯಾಳ ಅಂತ ಒತ್ತಿದೆ. ಈಗ ನನ್ನ ಫೋನಿನಿಂದ ಇವರ ಗಿರಾಕಿಗೋಳಿಗೂ ಹೋಗೇತಂತ" ಎಂದಳು. ಅವಳ ಗಂಡ ಮೋಟರ್ ರಿವೈಂಡಿಂಗ್ ಅಂಗಡಿಯವನು, ಇಬ್ಬರಿಗೂ ವ್ಯವಹಾರಕ್ಕೆ ಅದೊಂದೇ ಫೋನು. ಅವನು ಅಂದೇ ಒಂದು ರಟ್ಟಿನ ಮೇಲೆ, 'ನಮ್ಮ ಫೋನಿನಿಂದ ಬಂದ ವಿಡಿಯೊ ಒತ್ತಬೇಡಿರಿ, ಮೋಟರ್ ರಿಪೇರಿ ಎಂದಿನಂತೆ ಇದೆ' ಎಂದು ಬರೆದು ಅಂಗಡಿಯ ಮುಂದೆ ತೂಗುಹಾಕಿದನಂತೆ.

ದೊಡ್ಡವ್ವನಿಗೆ ಯಾರ ನಂಬರೂ ಬಾಯಿಪಾಠ ಇರಲಿಲ್ಲ. ಎಲ್ಲವೂ ಆ ಬಂದ್ ಮಾಡಿದ ಫೋನಿನಲ್ಲಿದ್ದವು. ಅವಳು ಎದ್ದು ಮುಖ ತೊಳೆದು, ಸೆರಗು ಸರಿಮಾಡಿ, ಚಪ್ಪಲಿ ಮೆಟ್ಟಿದಳು.

"ಎಲ್ಲಿ ಹೊಂಟಿ?"

"ಮನಿಮನಿಗೆ. ಹೆಸರು ನಂದ ಐತಿ. ನಾನ ಹೇಳಬೇಕು."

ಅವಳ ಹಿಂದೆ ನಾನೂ ನಡೆದೆ. ದ್ರಾಕ್ಷಿ ಒಣಗಿಸುವ ಶೆಡ್ಡುಗಳಲ್ಲಿ ಕೆಲಸ ಮಾಡುವ ಹೆಂಗಸರು, ಕಿರಾಣಿ ಅಂಗಡಿಯವರು, ಹಿಟ್ಟಿನ ಗಿರಣಿಯವರು. ಎಲ್ಲ ಕಡೆಯೂ ಅವಳದು ಅದೇ ಮಾತು: "ನನ್ನ ಹೆಸರಿಲೆ ಒಂದು ವಿಡಿಯೊ ಬಂದೈತಿ, ಒತ್ತಬ್ಯಾಡ್ರಿ. ಅದು ನಾ ಅಲ್ಲ." ಕೆಲವರು ನಕ್ಕರು. ಒಬ್ಬಳು ಒತ್ತಿದ್ದನ್ನು ಗಂಡನಿಗೆ ಹೇಳಬೇಡಿ ಎಂದು ಕೈ ಹಿಡಿದುಕೊಂಡಳು. ದೊಡ್ಡವ್ವ, "ಹೇಳು. ಮುಚ್ಚಿಟ್ರ ಅಂವಗೂ ಬರತೈತಿ" ಎಂದು ಅವಳ ಗಂಡನನ್ನು ಕರೆದು ತಾನೇ ಹೇಳಿದಳು.

ಮರುದಿನ ವಿಜಯಪುರದ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟೆವು. ಬರೆದುಕೊಂಡ ಅಧಿಕಾರಿ ಸಮಾಧಾನದ ಮನುಷ್ಯ. "ದೊಡ್ಡ ಸುದ್ದಿ ಬಂದಾಗ ಇಂಥಾವು ಭಾಳ ಬರ್ತಾವ್ರಿ. ಮಂದಿ ಮನಸ್ಸು ಅಲ್ಲಿರತೈತಿ, ಬೆರಳು ಇಲ್ಲಿ ಒತ್ತಿಬಿಡತೈತಿ" ಎಂದರು. ಫೋನಿನೊಳಗೆ ಕುಳಿತದ್ದನ್ನು ಕಿತ್ತುಹಾಕಬೇಕೆಂದರೆ ಎಲ್ಲವನ್ನೂ ಅಳಿಸಿ ಹೊಸದಾಗಿ ಮಾಡಿಸುವುದೇ ಒಳ್ಳೆಯದೆಂದು ರಿಪೇರಿ ಅಂಗಡಿಯಲ್ಲಿ ಹೇಳಿದರು. ಮಾಡಿಸಿದೆವು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಕಳ್ಳಕವಟಗಿಯ ಒಂದು ಮನೆ ಉಳಿದಿತ್ತು. ದೊಡ್ಡವ್ವನ ಜೊತೆ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ಹೆಂಗಸಿನ ಮಗಳನ್ನು ಆ ಊರಿಗೆ ಕೊಟ್ಟಿದ್ದರು. ಸಹಾಯಕಿ ಹಿಂದಿನ ವರ್ಷ ತೀರಿಕೊಂಡಿದ್ದಳು. ನಾವು ಹೋದಾಗ ಮಗಳು ದ್ರಾಕ್ಷಿ ತೋಟದಿಂದ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದಳು.

"ಕುಂದರ್ರಿ ಅಕ್ಕೋರ" ಎಂದು ಚಾಪೆ ಹಾಸಿದಳು. ದೊಡ್ಡವ್ವ ಕೂಡುವ ಮೊದಲೇ ವಿಷಯ ತೆಗೆದಳು.

"ಒತ್ತೇನ್ರಿ. ನೀವು ಕಳಿಸೀರಿ ಅಂತ ಒತ್ತಿದೆ. ಬ್ಯಾರೆ ಯಾರರ ಕಳಿಸಿದ್ರ ಒತ್ತತಿದ್ದಿಲ್ಲ." ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಅದಕ್ಕೇ ಕೇಳಲು ಕಷ್ಟವಾಯಿತು. "ನಮ್ಮ ಮೈದುನ ಅಂಗಡಿಗೆ ಒಯ್ದು ಎಲ್ಲಾ ಅಳಿಸಿಕೊಂಡು ಬಂದ. ಫೋನು ಈಗ ಬರೋಬ್ಬರಿ ಐತ್ರಿ. ಆದ್ರ ಅದರಾಗ ಅವ್ವನ ದನಿ ಇತ್ತು. ಜ್ವಾಳಾ ಕಳಿಸೇನಿ, ಬಿಸಲಿಗೆ ಹಾಕು, ಹುಳಾ ಬಿದ್ದಾವು ಅಂತ ಹೇಳಿದ್ಲು. ಅಷ್ಟ ರೀ. ಆಗಾಗ ಹಚ್ಚಿ ಕೇಳತಿದ್ದೆ."

ದೊಡ್ಡವ್ವ ಗೋಡೆಗೆ ಒರಗಿ ಕುಳಿತುಬಿಟ್ಟಳು. ಆ ಮಾತನ್ನು ಯಾವ ದೂರಿನಲ್ಲಿ ಬರೆಸಬೇಕು? ಅದನ್ನು ಅಳಿಸಿದವನಿಗೂ ಅದು ಅಲ್ಲಿತ್ತೆಂದು ಗೊತ್ತಿಲ್ಲ.

ಚಹಾ ಬಂತು. ಕುಡಿಯುತ್ತ ಕುಡಿಯುತ್ತ ದೊಡ್ಡವ್ವ ತಟ್ಟನೆ ಕೇಳಿದಳು: "ನಿಮ್ಮವ್ವ ಹುಡುಗೂರ್ನ ಉಣ್ಣಾಕ ಹೆಂಗ ಕರೀತಿದ್ಲು, ಗೊತ್ತೇನ ನಿನಗ?"

"ಇಲ್ರೀ."

ದೊಡ್ಡವ್ವ ಚಹಾದ ಬಸಿ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು, ಮೂಗಿನಿಂದ ತುಸು ಎಳೆದ ದನಿಯಲ್ಲಿ ಕರೆದಳು: "ಏ ಸಾಹೇಬ್ರ, ಕೈ ತೊಳಕೊಂಡು ಬರ್ರಿ. ಆಫೀಸಿನ ಊಟ ಆರಾಕತ್ತೈತಿ."

ಮಗಳು ಒಮ್ಮೆ ದೊಡ್ಡವ್ವನ ಮುಖ ನೋಡಿ, ಆಮೇಲೆ ಜೋರಾಗಿ ನಕ್ಕಳು. "ಖರೇನ, ಹಿಂಗ ಮಾತಾಡತಿದ್ಲು" ಎನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇನ್ನೊಮ್ಮಿ ಹೇಳ್ರಿ." ದೊಡ್ಡವ್ವ ಇನ್ನೊಮ್ಮೆ ಹೇಳಿದಳು. ಉಪ್ಪಿಟ್ಟಿನ ಬೋಗುಣಿ ಹಿಡಿದು ಮಕ್ಕಳ ಹಿಂದೆ ಓಡುತ್ತಿದ್ದದ್ದು, ಪರಿಶೀಲನೆಗೆ ಬಂದ ಮೇಡಂ ಮುಂದೆ ಹೆದರಿ ಉಪ್ಪಿನ ಬದಲು ಸಕ್ಕರೆ ಹಾಕಿದ್ದು, ಎಲ್ಲ ಬಂತು. ನಾವು ಏಳುವಷ್ಟರಲ್ಲಿ ಬಿಸಿಲು ಇಳಿದಿತ್ತು. ಹೋದ ದನಿ ಇದರಿಂದ ಬರಲಿಲ್ಲ, ಅದು ಅವರಿಬ್ಬರಿಗೂ ಗೊತ್ತಿತ್ತು. ಆದರೂ ಬಸ್ಸಿನಲ್ಲಿ ದೊಡ್ಡವ್ವ ಕಿಟಕಿಯ ಕಡೆ ತಿರುಗಿ ಕುಳಿತ ರೀತಿಯಲ್ಲಿ ಭಾರ ತುಸು ಕಡಿಮೆಯಾದಂತೆ ಕಂಡಿತು.

ಮುಂದಿನ ಕೆಲವು ತಿಂಗಳು ಅವಳು ಏನು ಕಳಿಸಿದರೂ ಜನ ಫೋನು ಮಾಡಿ, 'ನೀವ ಕಳಿಸೀರೇನ್ರಿ?' ಎಂದು ಕೇಳುತ್ತಿದ್ದರು. ಮೊದಮೊದಲು ಅವಳಿಗೆ ನೋವಾಗುತ್ತಿತ್ತು. "ಇಷ್ಟು ವರ್ಷ ಯಾರೂ ಹಿಂಗ ಕೇಳಿದ್ದಿಲ್ಲ ಬೇ" ಎಂದಳು ಒಮ್ಮೆ. ಕೇಳುವುದು ಒಳ್ಳೆಯದೇ ಅಲ್ಲವೇ ಎಂದೆ.

ಮೊನ್ನೆ ತಿಕೋಟಾಕ್ಕೆ ಹೋಗಿದ್ದಾಗ ಮತ್ತೊಂದು ದೊಡ್ಡ ಸುದ್ದಿ ಟಿವಿಯಲ್ಲಿ ಓಡುತ್ತಿತ್ತು, ಯಾವುದೋ ದೇಶದಲ್ಲಿ ಭೂಕಂಪ. ದೊಡ್ಡವ್ವ ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತ ಕುಳಿತಿದ್ದಳು. ಫೋನು ಬಂತು. ಶೆಡ್ಡಿನ ಹೆಂಗಸೊಬ್ಬಳು, ಒಂದು ವಿಡಿಯೊ ಬಂದಿದೆ, ಖರೇನೋ ಸುಳ್ಳೋ ಎಂದು ಕೇಳಿದಳು.

"ನನಗೂ ಗೊತ್ತಿಲ್ಲ ಯವ್ವಾ" ಎಂದಳು ದೊಡ್ಡವ್ವ. "ಸುದ್ದಿ ಖರೇ ಇರಬೇಕು, ಟಿವಿಯಾಗ ತೋರಸಾಕತ್ತಾರ. ವಿಡಿಯೊ ಯಾರು ಕಳಿಸ್ಯಾರೋ ಗೊತ್ತಿಲ್ಲ. ಬಿಡು ಅದನ್ನ. ಪಾಪ, ಆ ಮಂದಿಗೆ ಏನಾಗೈತೋ, ನಾಳಿ ಪೇಪರಿನ್ಯಾಗ ಓದೂಣು."

ಫೋನು ಪಕ್ಕಕ್ಕಿಟ್ಟು ಟಿವಿಯ ದನಿ ಸಣ್ಣದು ಮಾಡಿದಳು. ಆದರೂ ಅವಳ ಕಣ್ಣು ಬಹಳ ಹೊತ್ತು ಆ ಬಿದ್ದ ಮನೆಗಳ ಮೇಲೆಯೇ ಇತ್ತು.