ಕದಿರೇಶನೂ ಭಾರತಮ್ಮನ ಫೋಟೋವೂ

ಕೋಲಾರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕದಿರೇಶನ ಫ್ಲೆಕ್ಸ್ ಅಂಗಡಿ. ನಾಮಕರಣದಿಂದ ಹಿಡಿದು ತಿಥಿಯವರೆಗೆ ಸುತ್ತಲಿನ ಹಳ್ಳಿಗಳ ಸುಖದುಃಖವೆಲ್ಲ ಅವನ ಕಂಪ್ಯೂಟರಿನ ಮೂಲಕವೇ ಹಾದುಹೋಗಬೇಕು. ಲಕ್ಕೂರಿನಿಂದ ಬಂದವನು, ಸ್ಟುಡಿಯೋ ಒಂದರಲ್ಲಿ ಕಸ ಗುಡಿಸುತ್ತ ಕದ್ದು ನೋಡಿ ಕಲಿತ ವಿದ್ಯೆ ಅದು. ಬೊಕ್ಕತಲೆಗೆ ಕೂದಲು ಬರಿಸುತ್ತಿದ್ದ, ಕಪ್ಪು ಮುಖವನ್ನು ಬೆಳ್ಳಗೆ ಮಾಡುತ್ತಿದ್ದ, ಮುಚ್ಚಿದ ಕಣ್ಣನ್ನು ತೆರೆಸುತ್ತಿದ್ದ. ಸೇರಿಸು ಎಂದವರನ್ನು ಸೇರಿಸುತ್ತಿದ್ದ, ತೆಗೆ ಎಂದವರನ್ನು ತೆಗೆಯುತ್ತಿದ್ದ. ಏಕೆಂದು ಕೇಳುವ ಚಟ ಅವನಿಗಿರಲಿಲ್ಲ. ಕೇಳುತ್ತ ಕೂತರೆ ಹೊಟ್ಟೆ ತುಂಬುವುದಿಲ್ಲ, ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ.

ತೆಗೆಯುವ ಕೆಲಸವೇ ಹೆಚ್ಚು. ಮುನಿಸಿಕೊಂಡ ದಾಯಾದಿ, ಪಕ್ಷ ಬದಲಿಸಿದ ಮುಖಂಡ, ಎಲ್ಲರಿಗಿಂತ ಹೆಚ್ಚಾಗಿ ಗಂಡ ಸತ್ತ ಹೆಂಗಸರು. ಮದುವೆಯ ಫ್ಲೆಕ್ಸಿನಲ್ಲಿ ವಿಧವೆಯ ಮುಖ ಬರಬಾರದೆಂದು ನಮ್ಮ ಕಡೆ ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟದ್ದೊಂದನ್ನೂ ಪಾಲಿಸದ ಜನ ಇದನ್ನು ಮಾತ್ರ ತಪ್ಪದೆ ಪಾಲಿಸುತ್ತಾರೆ.

ಒಂದು ಬೆಳಿಗ್ಗೆ ಸುಗಟೂರಿನ ಮುನಿಯಲ್ಲಪ್ಪ ತನ್ನ ತಂಗಿಯ ಮಗಳು ಚಂದನಳನ್ನು ಕರೆದುಕೊಂಡು ಬಂದ. ತಂಗಿ ಭಾರತಮ್ಮ ತೀರಿಕೊಂಡಿದ್ದಳು. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದವಳು ತೋಟದಲ್ಲೇ ಕುಸಿದು, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದಳು. ತಿಥಿಗೆ ಇಡಲು ಮನೆಯಲ್ಲಿ ಅವಳದೊಂದು ಫೋಟೋ ಇರಲಿಲ್ಲ.

"ಗಂಡ ಹೋದ್ಮೇಲೆ ಕ್ಯಾಮೆರಾ ಕಂಡ್ರೆ ಸಾಕು, ಅಡುಗೆಮನೆ ಸೇರ್ಕೊಂಬಿಡೋಳು," ಎಂದ ಮುನಿಯಲ್ಲಪ್ಪ. "ಆಧಾರ್ ಕಾರ್ಡಲ್ಲಿರೋದು ಅವಳೋ ಇನ್ಯಾರೋ ಗೊತ್ತಾಗಲ್ಲ. ಏಂ ಚೇಸ್ತಾಮಪ್ಪ, ಏನ್ ಮಾಡೋಕಾಗುತ್ತೆ, ಎಲ್ಲಾ ಕರ್ಮ."

"ಅಣ್ಣಾ, ನನ್ನ ಮದುವೆ ಫ್ಲೆಕ್ಸ್ ಮಾಡಿದ್ದು ನೀವೇ," ಎಂದಳು ಚಂದನ. "ವೀಳ್ಯಶಾಸ್ತ್ರದ ದಿನ ತೆಗೆದ ಫೋಟೋ ನಿಮಗೆ ಕೊಟ್ಟಿದ್ವಿ. ಅದೊಂದ್ರಲ್ಲಿ ಅಮ್ಮನ್ನ ನಾನೇ ಎಳ್ಕೊಂಡ್ಬಂದು ಪಕ್ಕ ನಿಲ್ಲಿಸ್ಕೊಂಡಿದ್ದೆ. ಫೋನ್ ಕೆಟ್ಟೋಗಿ ನನ್ನ ಹತ್ರ ಇಲ್ಲ. ಅದೂ ಸಿಗದಿದ್ರೆ ಯಾರ ಮುಖ ನೋಡ್ಕೊಂಡು ಕೈ ಮುಗೀಲಿ?"

ಆ ಫೋಟೋ ಅವನಲ್ಲೂ ಇರಲಿಲ್ಲ. ಹಳೆಯ ಕಂಪ್ಯೂಟರು ಕೆಟ್ಟಾಗ ಎಲ್ಲ ಹಾಳಾಗಿತ್ತು. ಆದರೆ ಒಪ್ಪಿಗೆಗೆಂದು ಗಿರಾಕಿಗಳಿಗೆ ಕಳಿಸುವ ಪಿಡಿಎಫ್‌ಗಳು ಮೇಲ್‌ನಲ್ಲಿ ಉಳಿದಿದ್ದವು. ಹುಡುಕಿ ತೆರೆದ. ಹೂವಿನ ಅಂಚು, ಮೂಲೆಯಲ್ಲಿ ಗಣಪತಿ, ನಡುವೆ ದುಂಡನೆಯ ಚೌಕಟ್ಟಿನೊಳಗೆ ಚಂದನ ಒಬ್ಬಳೇ.

"ಅಮ್ಮ ಎಲ್ಲಿ?" ಚಂದನ ಪರದೆಯ ಹತ್ತಿರಕ್ಕೆ ಬಾಗಿದಳು.

"ತಡೀರಮ್ಮ. ಮರೆ ಮಾಡಿರೋದು ಅಷ್ಟೇ, ಒಳಗೆ ಇದ್ರೂ ಇರ್ಬಹುದು."

ಪಿಡಿಎಫನ್ನು ಫೋಟೋಶಾಪ್‌ನಲ್ಲಿ ತೆರೆದರೆ ಪುಟ ಬೇಕೋ ಚಿತ್ರಗಳು ಬೇಕೋ ಎಂದು ಅದು ಕೇಳುತ್ತದೆ. ಪುಟ ಎಂದರೆ ಕಣ್ಣಿಗೆ ಕಂಡಷ್ಟೇ ಬರುತ್ತದೆ. ಚಿತ್ರಗಳು ಎಂದರೆ ಒಳಗಿನ ಒಂದೊಂದೂ ಬಿಡಿಬಿಡಿಯಾಗಿ, ದೇವರು ದೊಡ್ಡವನಾದರೆ ಚೌಕಟ್ಟಿನಾಚೆ ಅಡಗಿದ್ದೂ ಸೇರಿ, ಹೊರಬರುತ್ತದೆ. ಕದಿರೇಶ ಚಿತ್ರಗಳನ್ನು ಆರಿಸಿದ. ಗಣಪತಿ ಬಂದ, ಹೂ ಬಂದವು, ಕೊನೆಗೆ ಆ ಫೋಟೋ ಇಡಿಯಾಗಿ ಬಂತು. ಮಗಳ ಪಕ್ಕದಲ್ಲಿ ಭಾರತಮ್ಮ ನಿಂತಿದ್ದಳು. ಬರಿಯ ಹಣೆ, ಮಾಸಿದ ನೀಲಿ ಸೀರೆ. ಕ್ಯಾಮೆರಾ ಕಡೆ ನೋಡದೆ ಮಗಳನ್ನೇ ನೋಡಿ ನಗುತ್ತಿದ್ದಳು.

ಚಂದನ ಪರದೆಯ ಮೇಲೆ ಕೈಯಿಟ್ಟು ಗೊಳೋ ಎಂದು ಅತ್ತಳು. ಅಳು ಸಿಟ್ಟಿಗೆ ತಿರುಗಲು ಹೊತ್ತು ಹಿಡಿಯಲಿಲ್ಲ.

"ನೀನೇ ಅಲ್ವಾ ಮಾವ ಇವಳನ್ನ ತೆಗೆಸಿದ್ದು? ಶಕುನ ಗಿಕುನ ಅಂತ! ಒಡಹುಟ್ಟಿದೋಳು ನಿನಗೆ ಅಪಶಕುನ ಆದ್ಲಾ?"

ಮುನಿಯಲ್ಲಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡನೇ ಹೊರತು ಅಲ್ಲ ಎನ್ನಲಿಲ್ಲ. ಮಾಡದ ತಪ್ಪನ್ನು ಮೈಮೇಲೆ ಹಾಕಿಕೊಂಡು ನಿಂತ ಆ ಮುದುಕನನ್ನು ಕದಿರೇಶ ನೋಡಿದ. ಬಾಯಿ ಮುಚ್ಚಿಕೊಂಡಿರುವುದೇ ಅವನ ಕಸುಬಿನ ಧರ್ಮ. ಆ ದಿನ ಮಾತ್ರ ಆಗಲಿಲ್ಲ.

"ನಿಮ್ಮ ಮಾವ ಅಲ್ಲಮ್ಮ. ನಿಮ್ಮಮ್ಮನೇ ಬಂದಿದ್ರು. ಒಳಕ್ಕೂ ಬರ್ಲಿಲ್ಲ, ಆ ಬಾಗಿಲಲ್ಲೇ ನಿಂತ್ಕೊಂಡು, 'ನನ್ನ ತೆಗೆದುಬಿಡಪ್ಪ, ಮಗು ಹೊಸ ಮನೆಗೆ ಹೋಗ್ತಾ ಐತೆ, ಬೀಗರು ಏನಾದ್ರೂ ಆಡ್ಕೊಂಡಾರು' ಅಂದ್ರು."

ಮುನಿಯಲ್ಲಪ್ಪ ತಲೆ ತಗ್ಗಿಸಿದ. ಅವನಿಗೂ ಗೊತ್ತಿತ್ತು.

ಭಾರತಮ್ಮ ಅಷ್ಟು ಹೇಳಿ ಮೆಟ್ಟಿಲಿಳಿದವಳು ಮತ್ತೆ ತಿರುಗಿ ಬಂದಿದ್ದಳು. 'ಮಗು ಏನಾದ್ರೂ ಅಮ್ಮ ಎಲ್ಲಿ ಅಂತ ಕೇಳಿದ್ರೆ ವಾಪಸ್ ಹಾಕ್ಬಿಡಪ್ಪ, ಅವಳ ಮನಸ್ಸು ನೋಯಿಸ್ಬೇಡ' ಎಂದಿದ್ದಳು. ಹೇಳುವಾಗ ಅವಳ ಮುಖದಲ್ಲಿ ಆಸೆಯಿತ್ತು. ಆ ಮಾತನ್ನು ಕದಿರೇಶ ನುಂಗಿಕೊಂಡ. ಹೆತ್ತವಳನ್ನು ಮಣ್ಣು ಮಾಡಿ ಬಂದ ಹುಡುಗಿಗೆ ಅದನ್ನು ಹೇಳುವುದು ಪಾಪ ಅನ್ನಿಸಿತು.

ಅವನು ಹೇಳಬೇಕಾಗಿಯೂ ಇರಲಿಲ್ಲ. ಚಂದನ ಆ ಪಿಡಿಎಫನ್ನೇ ದಿಟ್ಟಿಸುತ್ತಿದ್ದಳು.

"ಇದನ್ನ ನನಗೆ ಕಳಿಸಿದ್ರಿ ಅಲ್ವಾ ಅಣ್ಣಾ, ಪ್ರಿಂಟಿಗೆ ಹಾಕೋಕ್ ಮುಂಚೆ?"

"ಹೂಂನಮ್ಮ."

"ಸೀರೆ ಇನ್ನೊಂಚೂರು ಕೆಂಪು ಮಾಡಿ ಅಂದಿದ್ದೆ."

ಕದಿರೇಶ ಮೌಸನ್ನು ಸುಮ್ಮನೆ ಅತ್ತಿತ್ತ ಸರಿಸಿದ.

"ಅಷ್ಟೇ ಅಂದಿದ್ದೆ, ಅಲ್ವಾ?"

"ಮದುವೆ ಗಲಾಟೆ, ಹೋಗ್ಲಿ ಬಿಡಮ್ಮ," ಎಂದು ಮುನಿಯಲ್ಲಪ್ಪ ಅವಳ ಹೆಗಲು ಹಿಡಿದ. ಈ ಸಲ ಅವಳು ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು ಅನ್ನಿಸಿತು ಕದಿರೇಶನಿಗೆ. ದಿನವೂ ಎಲ್ಲರಿಗೂ ಹೇಳುವುದನ್ನೇ ಅವನು ಹೇಳಿದ.

"ಅಮ್ಮನ್ನ ಮಾತ್ರ ಬಿಡಿಸಿ ದೊಡ್ಡದು ಮಾಡಿ ಫೋನಿಗೆ ಕಳಿಸ್ತೀನಿ. ನೋಡಿ ಓಕೆ ಅಂದ್ರೆ ಪ್ರಿಂಟ್ ಹಾಕ್ತೀನಿ."

ಚಂದನ ಸ್ಟೂಲು ಎಳೆದುಕೊಂಡು ಅವನ ಪಕ್ಕದಲ್ಲಿ ಕೂತಳು.

"ಕಳಿಸ್ಬೇಡಿ ಅಣ್ಣಾ. ಇಲ್ಲೇ ಕೂತು ನೋಡ್ತೀನಿ."

ಕದಿರೇಶ ಮೌಸು ಹಿಡಿದು, ಅವಳ ಕಣ್ಣೆದುರಿಗೇ, ತಾಯಿಯನ್ನು ಮಗಳ ಪಕ್ಕದಿಂದ ಎರಡನೆಯ ಸಲ ಬೇರೆ ಮಾಡತೊಡಗಿದ.