ಬೆಂಡೆ ಲೋಳೆಯ ಲೆಕ್ಕ

ಕ್ಯಾತನಹಳ್ಳಿ ಕಡೆಯ ಆ ಆಲೆಮನೆ ನನ್ನ ಜೊತೆ ಹೈಸ್ಕೂಲು ಓದಿದವನದು. ಅವನು ಹೈಡ್ರೋಸ್ ಬಿಟ್ಟಿದ್ದಾನೆಂದು ನಾನು ಪತ್ರಿಕೆಯಲ್ಲಿ ಬರೆದೆ. ಹೈಡ್ರೋಸ್ ಎಂದರೆ ಕುದಿಯುವ ಕಬ್ಬಿನ ಹಾಲಿಗೆ ಹಾಕುವ ಬಿಳಿ ಪುಡಿ. ಬೆಲ್ಲಕ್ಕೆ ಹೊಂಬಣ್ಣ ಬರುತ್ತದೆ, ತಿನ್ನುವವರ ಹೊಟ್ಟೆಗೆ ಒಳ್ಳೆಯದಲ್ಲ. ವರದಿಯಲ್ಲಿ ಒಂದು ವಾಕ್ಯವಿತ್ತು: ಇಲ್ಲಿನ ಬೆಲ್ಲದ ಬಣ್ಣ, ಹಾಲಿನ ಕೊಳೆ ತೆಗೆಯುವ ಬೆಂಡೆ ಗಿಡದ ಲೋಳೆಯಿಂದ ಬಂದದ್ದು. ಅದನ್ನು ನಂಬಿ ಜನ ಮಕ್ಕಳಿಗೆಂದು ಅಲ್ಲಿಂದ ಬೆಲ್ಲ ತಂದರು. ಬೆಳ್ಳೂರು ಕ್ರಾಸಿನಿಂದ ಒಬ್ಬ ತಾಯಿ ಫೋನು ಮಾಡಿ ಆಲೆಮನೆಯ ದಾರಿ ಕೇಳಿದ್ದರು.

ಆ ವಾಕ್ಯವನ್ನು ನಾನು ಗೆಳೆಯನ ಬಾಯಿಮಾತಿನ ಮೇಲೆ ಬರೆದದ್ದಲ್ಲ. ನನ್ನ ಅಕ್ಕನ ಮಗಳು ಕೆ.ಆರ್. ಪೇಟೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ದುಬಾರಿ ತಂತ್ರಾಂಶ ಅವಳ ಲ್ಯಾಬಿನಲ್ಲಿರಲಿಲ್ಲ. ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೆಲಸಕ್ಕೆಂದೇ ಯಾರೋ ಮಾಡಿ ಪುಕ್ಕಟೆ ಹಂಚಿರುವ ಒಂದು ಸ್ಪ್ರೆಡ್‌ಶೀಟನ್ನು ಅವಳು ಇಳಿಸಿಕೊಂಡಿದ್ದಳು. ನನ್ನ ಲ್ಯಾಪ್‌ಟಾಪಿಗೂ ಹಾಕಿಕೊಟ್ಟಳು. ಮನೆಖರ್ಚು ಬರೆಯುವ ಶೀಟಿನ ಹಾಗಲ್ಲ ಅದು. ಅಂಕಿಯ ಪಕ್ಕ ಲೀಟರು, ಡಿಗ್ರಿ ಎಂದು ಬರೆದರೆ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ, ಎರಡನ್ನೂ ಕೂಡಲು ಹೋದರೆ ಒಪ್ಪುವುದಿಲ್ಲ. ಚುಕ್ಕಿಗಳನ್ನು ಕೊಟ್ಟರೆ ಅವುಗಳ ನಡುವೆ ಹಾಯುವ ಗೆರೆ ಎಳೆದು, ಯಾವ ಚುಕ್ಕಿ ಗೆರೆಯಿಂದ ಎಷ್ಟು ದೂರ ಎಂದು ಹೇಳುತ್ತದೆ.

“ನಿಮ್ಮ ಪೇಪರ್ ಡೆಸ್ಕಿನೋರ ಥರ ಮಾವ,” ಅಂದಿದ್ದಳು. “ಹೊಂದದೇ ಇರೋದನ್ನ ಮೊದಲು ತೋರಿಸ್ತದೆ.”

ನಮ್ಮ ಕ್ರಮ ಸರಳವಾಗಿತ್ತು. ಪ್ರತಿ ಕೊಪ್ಪರಿಗೆಗೂ ಲೋಳೆಯ ಪ್ರಮಾಣ ಬದಲಿಸುವುದು. ಪ್ರಮಾಣವನ್ನೂ ಪಾಕದ ಬಿಸಿಯನ್ನೂ ನಾನು ಶೀಟಿಗೆ ಹಾಕುವುದು. ಒಂದು ಅಚ್ಚು ಬೆಲ್ಲ ಬಸ್ಸಿನಲ್ಲಿ ಕೆ.ಆರ್. ಪೇಟೆಗೆ ಹೋಗುವುದು. ಅವಳು ಅದನ್ನು ನೀರಿನಲ್ಲಿ ಕರಗಿಸಿ, ಬೆಳಕು ಹಾಯಿಸಿ, ಬಣ್ಣದ ಅಂಕಿ ತುಂಬುವುದು; ಬಣ್ಣ ತಿಳಿಯಾದಷ್ಟೂ ಅಂಕಿ ದೊಡ್ಡದು. ಮೊದಲ ದಿನ ಅವಳೂ ಬಂದಿದ್ದಳು. ಲೋಳೆ ಹಾಕದ ಕೊಪ್ಪರಿಗೆಯನ್ನು ಎಲ್ಲರೂ ನಿಂತು ನೋಡಿದೆವು. ಬೆಲ್ಲ ಕಪ್ಪಾಗಿ ಬಂತು. ಲೋಳೆ ಹೆಚ್ಚಿದಂತೆ ಗೆರೆ ಮೇಲಕ್ಕೆ ಹೋಗಬೇಕು ಎಂದು ಅವಳು ಗೆಳೆಯನಿಗೆ ಗಾಳಿಯಲ್ಲಿ ಬೆರಳಾಡಿಸಿ ವಿವರಿಸಿದಳು. ಅವನು ಗಮನವಿಟ್ಟು ಕೇಳಿದ.

ಆಮೇಲೆ ನಾನೊಬ್ಬನೇ ಹೋಗುತ್ತಿದ್ದೆ. ಆಲೆಮನೆಗೆ ಬಂದವರಿಗೆ ಕಬ್ಬಿನ ಹಾಲು ಕುಡಿಸದೆ ಇರುವ ಪದ್ಧತಿ ನಮ್ಮಲ್ಲಿಲ್ಲ. ಅವನು ನನ್ನನ್ನು ಹೊರಗೆ ಹೊಂಗೆ ಮರದ ಕೆಳಗೆ ಕೂರಿಸಿ, ನಿಂಬೆಹಣ್ಣು ಹಿಂಡಿದ ಹಾಲು ಕೊಡಿಸುತ್ತಿದ್ದ. ಒಂದು ಲೋಟ ಮುಗಿಯುವಷ್ಟರಲ್ಲಿ ಇನ್ನೊಂದು. ಒಳಗಿನಿಂದ ಕೂಗು ಬಂದಾಗ ಹೋಗಿ ಬಿಸಿ ನೋಡುತ್ತಿದ್ದೆ. ಗೆರೆ ಅಕ್ಕನ ಮಗಳು ಹೇಳಿದಂತೆಯೇ ಮೇಲೇರಿತು. ವರದಿ ಅಚ್ಚಾಯಿತು.

ಸುಗ್ಗಿ ಮುಗಿಯುವ ಮುಂಚೆ ಅವಳು ಲೋಳೆಯಿಲ್ಲದ ಬೆಲ್ಲವನ್ನು ಮತ್ತೊಮ್ಮೆ ಕೇಳಿದಳು. ಕಾಲೇಜಿನಲ್ಲಿ ಎಲ್ಲರೆದುರು ಪ್ರಯೋಗವನ್ನು ಮಂಡಿಸುವುದಿತ್ತು. ಗೆಳೆಯ ತಾನೇ ಬಸ್ಸಿಗೆ ಹಾಕಿ ಕಳಿಸಿದ. ಸಂಜೆ ಅವಳು ಶೀಟನ್ನು ನನಗೆ ಕಳಿಸಿದಳು. ಲೋಳೆ ಸೊನ್ನೆ ಇದ್ದ ಕಡೆ ಹೊಸ ಚುಕ್ಕಿ ಗೆರೆಯ ತುದಿಗಿಂತಲೂ ಎತ್ತರದಲ್ಲಿ ನಿಂತಿತ್ತು. ಬೆಂಡೆಯೇ ಇಲ್ಲದ ಬೆಲ್ಲ ಎಲ್ಲಕ್ಕಿಂತ ಚೆನ್ನಾಗಿ ಹೊಳೆದಿತ್ತು.

ಮರುದಿನ ಲ್ಯಾಪ್‌ಟಾಪು ಹಿಡಿದು ಆಲೆಮನೆಗೆ ಹೋದೆ. ಅವನು ಗೆರೆ ನೋಡಿ, ಚೆನ್ನಾಗೇ ಬಂದೈತಲ್ಲ ಅಂದ. ಬೆಂಡೆ ಹಾಕದ್ದಕ್ಕೆ ಈ ಬಣ್ಣ ಎಲ್ಲಿಂದ ಬಂತು ಎಂದು ಕೇಳಿದೆ.

“ಕಾಲೇಜ್ಗೆ ಓಗೋ ಬೆಲ್ಲ ಕಣ್ಲಾ ಅದು. ಅಷ್ಟು ಜನದ ಮುಂದೆ ನಿಮ್ಮಕ್ಕನ ಮಗ್ಳು ಮಡಗ್ತಾಳೆ. ಕರ್ರಗಿರೋದ್ನ ಎಂಗ್ಲಾ ಕಳುಸ್ಲಿ?”

“ಮಿಕ್ಕಿದ್ದು?”

“ಅದ್ಕೂ ಒಸಿ ಒಸಿ ಪುಡಿ ಬಿತ್ತು. ಬೆಂಡೆ ಜಾಸ್ತಿ ಆಕ್ದಾಗ ಜಾಸ್ತಿ, ಕಮ್ಮಿ ಆಕ್ದಾಗ ಕಮ್ಮಿ. ಗೆರೆ ಮೇಲಕ್ಕೋಗ್ಬೇಕು ಅಂದ್ಲಲ್ಲ ಆ ಉಡ್ಗಿ. ಬೆಂಡೆ ಒಂದ್ರಲ್ಲೇ ಓಗ್ನಿಲ್ಲ.”

ನಮ್ಮ ಗೆರೆಯನ್ನು ಅವನು ಹಿಡಿ ಹೈಡ್ರೋಸ್ ಪುಡಿಯಿಂದ ಎಳೆದಿದ್ದ. ಅವನ ದನಿಯಲ್ಲಿ ಅಳುಕು ಇರಲಿಲ್ಲ, ಉಪಕಾರ ಮಾಡಿದವನ ಬೇಸರವಿತ್ತು. ಒಲೆಗೆ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದ ಆಳು ತಲೆಯೆತ್ತದೆ ಹೇಳಿದ: “ಪೇಪರ್ನೋರ್ಗೆ ಇನ್ನೊಂದು ಲೋಟ ಹಾಲು ಕೊಡ್ರಪ್ಪ.” ಗಾಣದ ಹತ್ತಿರ ಇಬ್ಬರು ನಕ್ಕರು. ಹೊಂಗೆ ಮರದ ಕೆಳಗೆ ನನ್ನನ್ನು ಕೂರಿಸುತ್ತಿದ್ದುದು ಯಾಕೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ತಿದ್ದುಪಡಿ ಬರೆಯುತ್ತೇನೆ ಎಂದೆ. ಒಂದೇ ಬೆಂಚಿನಲ್ಲಿ ಕೂತವರು ನಾವು, ಬರ್ದ್ಬುಟ್ಟು ಮಾನ ತೆಗೀಬ್ಯಾಡ ಅಂದ. ನಾನು ಬಸ್ ಸ್ಟಾಪಿನವರೆಗೆ ನಡೆದೆ. ಅವನು ಹಿಂದೆ ಬರಲಿಲ್ಲ.

ತಿದ್ದುಪಡಿ ಒಳಪುಟದ ಮೂಲೆಯಲ್ಲಿ ಬಂತು. ಅಕ್ಕನ ಮಗಳು ಮಂಡನೆಯಿಂದ ಹಿಂದೆ ಸರಿದಳು. ಶೀಟಿನಲ್ಲಿ ಯಾವ ಅಂಕಿಯನ್ನೂ ಅಳಿಸದೆ, ಮೊದಲ ದಿನದ ಕಪ್ಪು ಬೆಲ್ಲದ ಚುಕ್ಕಿಯೊಂದನ್ನು ಬಿಟ್ಟು ಉಳಿದವಕ್ಕೆಲ್ಲ ‘ನಂಬಲಾಗದು’ ಎಂದು ಗುರುತು ಹಾಕಿದಳು. ಬೆಳ್ಳೂರು ಕ್ರಾಸಿನ ಆ ತಾಯಿ ಮತ್ತೆ ಫೋನು ಮಾಡಿದರು. ಜಗಳವಾಡಲಿಲ್ಲ. ಮಗು ಇಷ್ಟು ದಿನ ತಿಂದದ್ದಕ್ಕೆ ಏನು ಮಾಡಬೇಕು ಎಂದಷ್ಟೇ ಕೇಳಿದರು. ಡಾಕ್ಟರನ್ನು ಕೇಳಿ ಎಂದೆ.

ಈ ಸುಗ್ಗಿಯಲ್ಲಿ ಗೆಳೆಯ ನಮ್ಮ ಪಾಂಡವಪುರಕ್ಕೆ ಬರುವ ಆಟೋದವನ ಕೈಲಿ ಒಂದು ಅಚ್ಚು ಬೆಲ್ಲ ಕಳಿಸಿದ್ದಾನೆ. ಕಾಗದ ಬಿಚ್ಚಿದ ಹೆಂಡತಿ, ಪೂರ್ತಿ ಕಪ್ಪು, ಈ ಸಲ ನಿಜವಾಗಿ ಬಿಟ್ಟಿರಬೇಕು ಅಂದಳು. ನಾನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕಪ್ಪಾಗಿದೆ. ಅಷ್ಟು ಮಾತ್ರ ನನಗೆ ಗೊತ್ತು.