ಅಳಿವೆಯ ಬಾಯಿ ಒಡೆದ ದಿನ

ನಾನು ಚಿಕ್ಕವನಿದ್ದಾಗ ಮನೆ ಪಕ್ಕದ ಸಣ್ಣ ಹೊಳೆಯಲ್ಲಿ, ನಮ್ಮ ತೋಡಿನಲ್ಲಿ, ಮುಳುಗಿ ಕಣ್ಣು ತೆರೆದರೆ ತಳದ ಮರಳು ಕಾಣುತ್ತಿತ್ತು. ಕೇರಳ ರಾಜ್ಯವಾದ ಹೊಸತು. ಕಾಸರಗೋಡಿನವರಾದ ಅಪ್ಪನಿಗೆ ತಿರುವನಂತಪುರದ ಸರಕಾರಿ ಕಚೇರಿಯಲ್ಲಿ ಕೆಲಸವಾಗಿ, ನಾವು ಉಳ್ಳೂರಿನಲ್ಲಿ ಮನೆ ಮಾಡಿದ್ದೆವು. ಆ ತೋಡು ಹರಿದು ಕಾಯಲನ್ನು, ಅಂದರೆ ಹಿನ್ನೀರನ್ನು, ಸೇರುತ್ತಿತ್ತು. ಕಾಯಲಿಗೂ ಕಡಲಿಗೂ ನಡುವೆ, ಅಳಿವೆಯ ಬಾಯಿಯಲ್ಲಿ, ಒಂದು ಮರಳ ದಿಬ್ಬ. ಮಳೆಗಾಲದಲ್ಲಿ ನೀರು ಏರಿದಾಗ ಊರವರು ಕೂಡಿ ಮಾತಾಡಿಕೊಂಡು ಅದನ್ನು ಕಡಿಯುತ್ತಿದ್ದರು. ಅಲ್ಲಿಯವರೆಗೆ ಗದ್ದೆಗಳಿಗೆ ಉಪ್ಪುನೀರು ಬಾರದಂತೆ ತಡೆಯುತ್ತಿದ್ದುದು ಆ ದಿಬ್ಬವೇ.

ಒಂದು ಭಾನುವಾರ ಅಪ್ಪ ಅಕ್ಕನನ್ನೂ ನನ್ನನ್ನೂ ಅಲ್ಲಿಗೆ ಕರೆದೊಯ್ದರು. ಬೇಸಿಗೆಯ ಮಳೆ ಸುರಿದು ಕಾಯಲು ತುಂಬಿತ್ತು. ಒಣಮೀನಿನ ವಾಸನೆ, ಕಾಲಡಿಗೆ ಬಿಸಿ ಮರಳು. ಅಪ್ಪ ತೆಂಗಿನ ನೆರಳಲ್ಲಿ ಮುಖಕ್ಕೆ ಪತ್ರಿಕೆ ಮುಚ್ಚಿಕೊಂಡು ಮಲಗಿದರು. ನಾನು ಒಂದು ತೆಂಗಿನ ಗೆರಟೆ ಹಿಡಿದು ದಿಬ್ಬದಲ್ಲಿ ಪುಟ್ಟ ಕಾಲುವೆ ತೋಡತೊಡಗಿದೆ.

"ಏ ಮಂಗ, ಅದನ್ನು ಮುಟ್ಲಿಕ್ಕಿಲ್ಲ ಅಂತೆ," ಎಂದಳು ಅಕ್ಕ.

"ಗೆರಟೆಯಲ್ಲಿ ತೋಡಿದ್ರೆ ಎಂತ ಆಗ್ತದೆ? ನೀನೊಬ್ಬಳು ಹೆದರುಪುಕ್ಕಿ."

ಮೊದಲು ಬೆರಳಗಲದ ನೀರು ಕಡಲಿನತ್ತ ಹರಿಯಿತು. ನಾನು ಚಪ್ಪಾಳೆ ತಟ್ಟಿದೆ. ನೋಡನೋಡುತ್ತ ಅಂಚು ಕುಸಿದು ಅದು ಮೊಳದಗಲವಾಯಿತು. ಇಬ್ಬರೂ ಬಾಚಿ ಬಾಚಿ ಮರಳು ತುಂಬಿದೆವು. ನಾನು ಅಡ್ಡ ಕೂತೆ. ನೀರು ನನ್ನನ್ನೂ ತಳ್ಳಿತು. ಮೊರೆತ ಕೇಳಿ ಅಪ್ಪ ಓಡಿ ಬಂದು ನಮ್ಮನ್ನು ಮೇಲೆಳೆದುಕೊಂಡರು.

"ಹೇಗೆ ಒಡೆಯಿತು ಇದು?"

"ಗೊತ್ತಿಲ್ಲ, ಅದರಷ್ಟಕ್ಕೇ," ಎಂದೆ. ಅಕ್ಕ ನೆಲ ನೋಡಿದಳು.

ಕಾಯಲಿನ ನೀರು ಇಳಿಯಿತು. ಕಡಲು ಏರಿದಾಗ ಉಪ್ಪುನೀರು ಒಳಗೆ ನುಗ್ಗಿತು. ಕೆಲವು ದಿನಗಳ ಬಳಿಕ, ನಮಗೆ ಹಾಲು ತರುತ್ತಿದ್ದ, ನಾವು ಚೇಚಿ ಎಂದು ಕರೆಯುತ್ತಿದ್ದ ಹೆಂಗಸು ಜಗಲಿಯಲ್ಲಿ ಕುಸಿದು ಕೂತಳು. ಕಾಯಲ ದಡದಲ್ಲಿ ಅವಳಿಗೊಂದು ತುಂಡು ಗದ್ದೆಯಿತ್ತು. "ಪೈರೆಲ್ಲ ಉಪ್ಪು ತಗಲಿ ಕರಕಾಯಿತು, ಸಾರೇ. ಕಡಲಿನ ಹತ್ತಿರ ಜಗಳಕ್ಕೆ ಹೋಗಲಿಕ್ಕುಂಟಾ?" ಎಂದು ಅಪ್ಪನಿಗೆ ಹೇಳಿ, ನಗಲು ನೋಡಿದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ಅವಳು ಕಡಲನ್ನು ದೂರಿದ್ದು ಕೇಳಿ ನನಗೆ ಸಮಾಧಾನವೇ ಆಯಿತು. ಅವಳು ತೀರಿಕೊಳ್ಳುವವರೆಗೂ ನಾನು ಬಾಯಿ ಬಿಡಲಿಲ್ಲ.

ಮೊಮ್ಮಕ್ಕಳೇ, ನಿಮ್ಮ ಕಾಲಕ್ಕೆ ಆ ತೋಡಿನ ನೀರು ಕಪ್ಪಾಗಿದೆ. ಶಾಲೆಯ ವ್ಯಾನು ಸೇತುವೆ ದಾಟುವಾಗ ನೀವು ಮೂಗು ಹಿಡಿದುಕೊಳ್ಳುತ್ತೀರಿ. ಕಾಯಲಿನಲ್ಲಿ ನೀರಿಗಿಂತ ಅಂತರಗಂಗೆ ಕಳೆಯೇ ಹೆಚ್ಚು. ಇದನ್ನು ಹೀಗೆ ಮಾಡಿದ್ದು ಯಾರು ಎಂದು ನೀವು ಕೇಳಿದಾಗ "ಊರವರು" ಎಂದಿದ್ದೆ. ಅದು ಪೂರ್ತಿ ನಿಜವಲ್ಲ. ತೋಡಿನ ದಡದ ಈ ಮನೆ ಕಟ್ಟಿಸುವಾಗ ಬಚ್ಚಲಿನ ಪೈಪನ್ನು ತೋಡಿಗೆ ಇಳಿಸಲು ಹೇಳಿದವನು ನಾನೇ. ಅದರ ಕೊಳೆನೀರು ಇವತ್ತಿಗೂ ಹರಿಯುತ್ತಿದೆ.